ಹೆಸರು ಅಳಿಸಿದ ದುಡಿಮೆ



ತೂಕದ ಹೊತ್ತು ಎಂದರೇನೆಂದು ನಮ್ಮಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಬೆಳಗಿನಿಂದ ಮಂಜಿನಲ್ಲಿಯೂ ಮಳೆಯಲ್ಲಿಯೂ ನಿಂತು ಕಿತ್ತ ಎಲೆಯನ್ನು ಹೊತ್ತು ತಂದು ತೂಕದವರ ಮುಂದೆ ಇಳಿಸುತ್ತೇವೆ. ಆಗ ನಮ್ಮ ಕಣ್ಣು ಎರಡು ಕಡೆ ಇರುತ್ತದೆ: ಒಂದು ತಕ್ಕಡಿಯ ಮೇಲೆ, ಮತ್ತೊಂದು ಬರೆಯುವವರ ಪುಸ್ತಕದ ಮೇಲೆ. ತೂಕ ಸರಿಯಾಗಿಯೇ ಇರಬಹುದು. ಆದರೆ ಅದು ಬೇರೊಬ್ಬರ ಹೆಸರಿನ ಮುಂದೆ ಬಿದ್ದರೆ ಆ ದಿನದ ದುಡಿಮೆ ಹೋಯಿತು. ಎಲೆ ಎಲ್ಲಿಯೂ ಕಳೆದುಹೋಗಿಲ್ಲ, ಕಾರ್ಖಾನೆಗೇ ಹೋಗಿದೆ, ಟೀ ಪುಡಿಯೂ ಆಗುತ್ತದೆ. ಕಿತ್ತವಳಿಗೆ ಮಾತ್ರ ಕೂಲಿ ಇಲ್ಲ.

ಈ ಮಾತನ್ನು ಏಕೆ ಎತ್ತಿದೆವೆಂದರೆ, ಈಚೆಗೆ ನಮ್ಮ ಕೂಟ ಮುಗಿದ ಮೇಲೆ ಯುವಕ ಯುವತಿಯರ ನಡುವೆ ಒಂದು ವಾದ ನಡೆಯಿತು. ಮೊಬೈಲಿನಲ್ಲಿ ಆಡುವ ಒಂದು ಆಟದ ಲೋಕದಲ್ಲಿ ಯಾರೋ ರಚಿಸಿ ಮಾರುತ್ತಿದ್ದ ಅಂಗಿಯ ಚಿತ್ರವನ್ನು ಹುಡುಗನೊಬ್ಬನು ನಕಲು ಮಾಡಿ ತನ್ನ ಹೆಸರಿನಲ್ಲಿ ಇಟ್ಟಿದ್ದನು. ಇದು ಕಳ್ಳತನವೆಂದು ಒಬ್ಬಳು ಹೇಳಿದಳು. ಅದಕ್ಕೆ ಅವನು, "ಅದು ನಿಜವಾದ ಅಂಗಿಯೇ ಅಲ್ಲವಲ್ಲ ಅಕ್ಕಾ. ನಾನು ತೆಗೆದುಕೊಂಡ ಮೇಲೂ ಅವರದು ಅವರ ಹತ್ತಿರವೇ ಇದೆ. ಯಾರಿಗೇನು ನಷ್ಟ?" ಎಂದು ಕೇಳಿದನು. ಹಿರಿಯರಾದ ನಾವು ನಕ್ಕು ಸುಮ್ಮನಾದೆವು. ಆದರೆ ಇದು ನಕ್ಕು ಬಿಡತಕ್ಕ ಪ್ರಶ್ನೆಯಲ್ಲವೆಂದು ಆಮೇಲೆ ತೋರಿತು. ದುಡಿದವನ ಹೆಸರೂ ಕೂಲಿಯೂ ಒಂದೇ ಸಲ ಹೋಗುವ ಸಂಗತಿ ಇದು. ಆ ಹುಡುಗನಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತೇವೆ.

ಇಂಥ ಲೋಕಗಳಲ್ಲಿ ನಕಲಿನ ಜಗಳ ಹೊಸದೇನಲ್ಲ. ಅದು ಬಹಳ ದೊಡ್ಡದಾಗಿ ನಡೆದದ್ದು 2006ರಲ್ಲಿ, ಸೆಕೆಂಡ್ ಲೈಫ್ ಎಂಬ ಲೋಕದಲ್ಲಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಲಿಂಡೆನ್ ಲ್ಯಾಬ್ ಎಂಬ ಕಂಪನಿಯು ಇದನ್ನು 2003ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಫಿಲಿಪ್ ರೋಸ್‌ಡೇಲ್ ಎಂಬವರು ಕಂಪನಿಯ ಸ್ಥಾಪಕರು. ಸೆಕೆಂಡ್ ಲೈಫ್ ಎಂದರೆ ಎರಡನೆಯ ಬಾಳು ಎಂದರ್ಥ. ಕಂಪ್ಯೂಟರಿನ ಪರದೆಯ ಮೇಲೆ ಬೆಟ್ಟ, ಸಮುದ್ರ, ಬೀದಿ, ಅಂಗಡಿ ಎಲ್ಲವೂ ಕಾಣುತ್ತವೆ. ಒಳಗೆ ಹೋಗುವವನು ತನಗೊಂದು ಗೊಂಬೆಯಂಥ ರೂಪವನ್ನು ಆರಿಸಿಕೊಂಡು, ಬೇರೊಂದು ಹೆಸರಿಟ್ಟುಕೊಂಡು, ಅಲ್ಲಿ ತಿರುಗಾಡುತ್ತಾನೆ, ಮಾತಾಡುತ್ತಾನೆ, ಕೊಳ್ಳುತ್ತಾನೆ, ಮಾರುತ್ತಾನೆ.

ಇದರ ವಿಶೇಷವೇನೆಂದರೆ, ಅಲ್ಲಿರುವ ಮನೆ, ಕುರ್ಚಿ, ಉಡುಪು, ಕೂದಲು, ಚಪ್ಪಲಿ ಬಹುಮಟ್ಟಿಗೆ ಕಂಪನಿ ಮಾಡಿದವುಗಳಲ್ಲ. ಒಳಗೆ ಬಂದ ಜನರೇ ಅವನ್ನು ಮಾಡಿದರು. 2003ರ ನವೆಂಬರಿನಲ್ಲಿ ಕಂಪನಿಯು ಒಂದು ಒಳ್ಳೆಯ ಮಾತನ್ನು ಪ್ರಕಟಿಸಿತು: ಇಲ್ಲಿ ಯಾರು ಏನು ರಚಿಸಿದರೂ ಅದರ ಬೌದ್ಧಿಕ ಹಕ್ಕು ರಚಿಸಿದವರಿಗೇ ಸೇರುವುದು. ಆ ಕಾಲದ ಆಟದ ಕಂಪನಿಗಳು ಸಾಮಾನ್ಯವಾಗಿ ಎಲ್ಲವೂ ತಮ್ಮದೇ ಎನ್ನುತ್ತಿದ್ದವು. ಆದುದರಿಂದ ಈ ಮಾತನ್ನು ನಂಬಿ ಅನೇಕರು ಅಲ್ಲಿ ದುಡಿಮೆಗೆ ಇಳಿದರು.

ಅಲ್ಲಿ ಲಿಂಡೆನ್ ಡಾಲರ್ ಎಂಬ ನಾಣ್ಯ ನಡೆಯುತ್ತದೆ. ಅದನ್ನು ನಿಜವಾದ ಹಣಕ್ಕೆ ಬದಲಾಯಿಸಬಹುದು. 2006ರ ಕೊನೆಯಲ್ಲಿ ಒಂದು ಅಮೆರಿಕನ್ ಡಾಲರಿಗೆ ಇನ್ನೂರೈವತ್ತಕ್ಕೂ ಹೆಚ್ಚು ಲಿಂಡೆನ್ ಡಾಲರ್ ಬರುತ್ತಿತ್ತು. ಅಂದರೆ 300 ಲಿಂಡೆನ್ ಡಾಲರಿಗೆ ಒಂದು ಉಡುಪನ್ನು ಮಾರಿದರೆ ಮಾಡಿದವಳ ಕೈಗೆ ಸೇರುವುದು ಒಂದು ಡಾಲರಿಗಿಂತ ತುಸು ಹೆಚ್ಚು, ಅಷ್ಟೇ. ಹೊಲಿಗೆಯ ಗೆರೆ, ಬಟ್ಟೆಯ ನೆರಿಗೆ, ನೆರಳು ಬೆಳಕು ಎಲ್ಲವನ್ನೂ ಚಿತ್ರದಂತೆ ಬರೆದು ಒಂದು ಉಡುಪನ್ನು ಮಾಡಲು ದಿನಗಟ್ಟಲೆ ಹಿಡಿಯಬಹುದು. ಹಾಗಿರುವಾಗ ಅವಳಿಗೆ ಕೂಲಿ ಹುಟ್ಟುವುದು ಅದೇ ಉಡುಪು ನೂರಾರು ಜನರಿಗೆ ಮಾರಾಟವಾದರೆ ಮಾತ್ರ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಮಗೆ ಕಿಲೋ ಲೆಕ್ಕದಲ್ಲಿ ಎಲೆ ಇದ್ದಂತೆ ಅವಳಿಗೆ ಒಂದೊಂದು ಮಾರಾಟವೂ ಇದೆ.

ರಚಿಸಿದವರನ್ನು ಕಾಯುವುದಕ್ಕೆ ಕಂಪನಿಯು ಮೂರು ಬೀಗಗಳನ್ನು ಇಟ್ಟಿತ್ತು. ಕೊಂಡವನು ವಸ್ತುವನ್ನು ತಿದ್ದಬಹುದೇ, ಅದರ ಪ್ರತಿ ಮಾಡಬಹುದೇ, ಬೇರೆಯವರಿಗೆ ಕೊಡಬಹುದೇ ಎಂಬ ಮೂರು ಪ್ರಶ್ನೆಗಳಿಗೆ ಮಾಡಿದವಳು ಹೌದು ಅಥವಾ ಇಲ್ಲ ಎಂದು ಗುರುತು ಹಾಕಬಹುದಾಗಿತ್ತು. ಇದರ ಮೇಲೆ ಪ್ರತಿಯೊಂದು ವಸ್ತುವಿನಲ್ಲಿಯೂ ಎರಡು ಹೆಸರು ಬರೆದಿರುತ್ತಿತ್ತು: ಮಾಡಿದವರದೊಂದು, ಈಗ ಇಟ್ಟುಕೊಂಡವರದೊಂದು. ವಸ್ತು ನೂರು ಕೈ ಬದಲಾದರೂ ಮಾಡಿದವರ ಹೆಸರು ಅಳಿಯುತ್ತಿರಲಿಲ್ಲ. ನಮ್ಮ ತೂಕದ ಪುಸ್ತಕಕ್ಕಿಂತಲೂ ಇದು ಭದ್ರವೆಂದು ತೋರುತ್ತದೆ.

2006ರ ನವೆಂಬರಿನಲ್ಲಿ ಈ ಭದ್ರತೆ ಒಡೆಯಿತು. ಕಾಪಿಬಾಟ್ ಎಂಬ ಒಂದು ಪ್ರೋಗ್ರಾಂ ಹೊರಬಂದಿತು. ಇದನ್ನು ಕಳ್ಳರು ಮಾಡಿದರೆಂದು ಹೇಳಲಾಗದು. ಆ ಲೋಕದ ಕೆಲಸಕ್ಕೆ ಹೊಸ ಉಪಕರಣಗಳನ್ನು ಮಾಡುತ್ತಿದ್ದ ಲಿಬ್‌ಸೆಕೆಂಡ್‌ಲೈಫ್ ಎಂಬ ತಂತ್ರಜ್ಞರ ಗುಂಪು ತನ್ನ ಪರೀಕ್ಷೆಗಾಗಿ ಇದನ್ನು ಮಾಡಿತ್ತು. ರಚನೆಗಾರರು ತಮ್ಮ ಕೆಲಸದ ಒಂದು ಪ್ರತಿಯನ್ನು ಬೇರೆ ಕಡೆ ಕಾದಿಟ್ಟುಕೊಳ್ಳುವುದಕ್ಕೂ ಇಂಥದ್ದು ಬೇಕಾಗಿತ್ತು. ಆದರೆ ಅದು ಬೇರೆಯವರ ಕೈಗೆ ಬಿದ್ದಿತು, ಮಾರಾಟಕ್ಕೂ ಬಂದಿತು. ಕತ್ತಿ ಗಿಡ ಸವರುವುದಕ್ಕೂ ಆಗುತ್ತದೆ, ಕೈ ಕಡಿಯುವುದಕ್ಕೂ ಆಗುತ್ತದೆ.

ಅದು ಮಾಡುತ್ತಿದ್ದ ಕೆಲಸ ಇಷ್ಟು. ಎದುರಿಗೆ ನಿಂತ ಗೊಂಬೆಯ ಉಡುಪು, ರೂಪ, ಪಕ್ಕದಲ್ಲಿದ್ದ ಕುರ್ಚಿ ಮೇಜು ಎಲ್ಲವನ್ನೂ ಕ್ಷಣದಲ್ಲಿ ಪ್ರತಿ ಮಾಡುತ್ತಿತ್ತು. ಮೂರು ಬೀಗಗಳನ್ನೂ ಅದು ಲೆಕ್ಕಿಸಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೇನೆಂದರೆ, ಹೀಗೆ ಹುಟ್ಟಿದ ಪ್ರತಿಯಲ್ಲಿ ಮಾಡಿದವರ ಹೆಸರಿನ ಜಾಗದಲ್ಲಿ ನಕಲು ಮಾಡಿದವನ ಹೆಸರು ಬರುತ್ತಿತ್ತು. ಅವನು ಅದನ್ನು ಅರ್ಧ ಬೆಲೆಗೆ ಮಾರಬಹುದು, ಬಿಟ್ಟಿ ಹಂಚಬಹುದು. ಕೊಂಡವನು ಹೆಸರು ನೋಡಿದರೂ ಮೋಸ ತಿಳಿಯದು.

ಇದನ್ನು ತಡೆಯಲು ಗಟ್ಟಿಯಾದ ಬೀಗ ಹಾಕಬಾರದಾಗಿತ್ತೇ ಎಂದು ಕೇಳಬಹುದು. ಇಲ್ಲಿ ಒಂದು ಕಷ್ಟವಿದೆ. ಯಾವ ವಸ್ತುವೂ ನಮ್ಮ ಪರದೆಯ ಮೇಲೆ ಕಾಣಬೇಕಾದರೆ ಅದರ ಆಕಾರದ ಲೆಕ್ಕವೂ ಮೇಲಿನ ಚಿತ್ರವೂ ನಮ್ಮ ಕಂಪ್ಯೂಟರಿಗೆ ಬರಲೇಬೇಕು. ಬಂದದ್ದನ್ನು ಹಿಡಿದಿಟ್ಟುಕೊಳ್ಳುವ ಪ್ರೋಗ್ರಾಂ ಒಂದಿದ್ದರೆ ಸಾಕು. ಕಾಣಲಿ, ಆದರೆ ಹಿಡಿಯಲು ಆಗದಿರಲಿ ಎಂಬ ಬೀಗವನ್ನು ಪೂರ್ತಿಯಾಗಿ ಮಾಡಲು ಸಾಧ್ಯವಿಲ್ಲ. ಒಂದು ಭಾಗ ಮಾತ್ರ ಉಳಿಯಿತು. ಬಾಗಿಲು ತೆರೆಯಬೇಕು, ಗಾಡಿ ಓಡಬೇಕು ಎಂಬಂಥ ಆಜ್ಞೆಗಳು ಕಂಪನಿಯ ಕಂಪ್ಯೂಟರಿನಲ್ಲೇ ನಡೆಯುತ್ತವೆ, ನೋಡುವವನ ಕಂಪ್ಯೂಟರಿಗೆ ಬರುವುದಿಲ್ಲ. ಆದುದರಿಂದ ನಕಲು ಮಾಡಿದ ಗಾಡಿಗೆ ಗಾಡಿಯ ಆಕಾರವಿತ್ತು, ಓಟವಿರಲಿಲ್ಲ. ಆದರೆ ಬಟ್ಟೆ ಹೊಲಿದವಳಿಗೆ, ಕುರ್ಚಿ ಮಾಡಿದವನಿಗೆ ಇದರಿಂದ ಏನೂ ಸಹಾಯವಾಗಲಿಲ್ಲ. ಅವರ ದುಡಿಮೆಯೆಲ್ಲ ಕಣ್ಣಿಗೆ ಕಾಣುವ ಭಾಗದಲ್ಲೇ ಇತ್ತು.

ಆಗ ಅಲ್ಲಿನ ಅಂಗಡಿಯವರು ಏನು ಮಾಡಿದರು? ಬಾಗಿಲು ಮುಚ್ಚಿದರು. ಅನೇಕರು ಮಾರಾಟ ನಿಲ್ಲಿಸಿ, ಪ್ರತಿಭಟನೆಯ ಬರಹಗಳನ್ನು ಹಾಕಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮುಷ್ಕರ ಹೂಡಿದರು. ಈ ಗಾಬರಿಯಲ್ಲಿ ಲಾಭ ಮಾಡಿಕೊಂಡವರೂ ಇದ್ದರು. ಕಾಪಿಬಾಟನ್ನು ಓಡಿಸುವ ಮಂತ್ರದಂಥ ಉಪಕರಣವೆಂದು ಕೆಲವು ವಸ್ತುಗಳು ಅಂಗಡಿಗೆ ಬಂದವು. ಅವು ನಿಲ್ಲು ಎಂಬ ಆಜ್ಞೆಯನ್ನು ಮತ್ತೆ ಮತ್ತೆ ಕೂಗುತ್ತಿದ್ದವು. ನಕಲು ಮಾಡುವವನು ತನ್ನ ಪ್ರೋಗ್ರಾಮನ್ನು ಸ್ವಲ್ಪ ತಿದ್ದಿಕೊಂಡರೆ ಆ ಕೂಗು ಅದಕ್ಕೆ ಕೇಳಿಸುತ್ತಲೇ ಇರಲಿಲ್ಲ. ಕಷ್ಟದಲ್ಲಿರುವವನಿಗೆ ತಾಯಿತ ಮಾರುವವರು ಎಲ್ಲ ಲೋಕಗಳಲ್ಲಿಯೂ ಇದ್ದಾರೆ.

ಕಂಪನಿಯು ಮೊದಲು, ಪ್ರತಿ ಮಾಡುವುದೆಲ್ಲ ಕಳ್ಳತನವಲ್ಲ, ಅನ್ಯಾಯವಾದವರು ಕಾನೂನಿನ ದಾರಿ ಹಿಡಿಯಬಹುದು ಎಂಬ ರೀತಿಯಲ್ಲಿ ಮಾತಾಡಿತು. ಜನರ ಕೂಗು ಹೆಚ್ಚಾದ ಮೇಲೆ, ಅನುಮತಿಯಿಲ್ಲದೆ ಕಾಪಿಬಾಟಿನಿಂದ ಪ್ರತಿ ಮಾಡುವವರು ನಿಯಮ ಮುರಿದವರೆಂದೂ ಅವರನ್ನು ಹೊರಗೆ ಹಾಕಲಾಗುವುದೆಂದೂ ಪ್ರಕಟಿಸಿತು. ಒಬ್ಬೊಬ್ಬರಾಗಿ ದೂರು ಬರೆಯುತ್ತಾ ಕುಳಿತಿದ್ದರೆ ಈ ಮಾತು ಅಷ್ಟು ಬೇಗ ಬರುತ್ತಿತ್ತೆಂದು ನಮಗೆ ಅನ್ನಿಸುವುದಿಲ್ಲ. ಒಟ್ಟಾಗಿ ನಿಂತದ್ದರಿಂದ ಬಂದಿತು.

ಇನ್ನು ಕಾನೂನಿನ ದಾರಿಯನ್ನು ನೋಡೋಣ. ಅಮೆರಿಕದಲ್ಲಿ 1998ರ ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಕಾಯಿದೆ ಇದೆ. ತನ್ನ ಕೃತಿಯ ನಕಲು ಇಂಥ ಕಡೆ ಇದೆಯೆಂದು ರಚನೆಗಾರನು ಬರಹದಲ್ಲಿ ತಿಳಿಸಿದರೆ ಕಂಪನಿಯು ಅದನ್ನು ಬೇಗನೆ ತೆಗೆಯಬೇಕು. ತೆಗೆದರೆ ಕಂಪನಿಯ ಮೇಲೆ ಹೊಣೆ ಬರುವುದಿಲ್ಲ. ಕೇಳುವುದಕ್ಕೆ ಇದು ಸುಲಭ. ಆದರೆ ಹೊರೆ ಯಾರ ಹೆಗಲ ಮೇಲಿದೆ ನೋಡಿರಿ. ಹುಡುಕುವವಳು ದುಡಿದವಳೇ, ಬರೆಯುವವಳು ಅವಳೇ. ದೂರಿನಲ್ಲಿ ತನ್ನ ನಿಜವಾದ ಹೆಸರು ವಿಳಾಸಗಳನ್ನು ಕೊಡಬೇಕು. ಎದುರಿನವನು ಮಾತ್ರ ಬೇರೆ ಹೆಸರಿನ ಮರೆಯಲ್ಲಿರುತ್ತಾನೆ. ಒಂದು ನಕಲನ್ನು ತೆಗೆಸಿದರೆ ನಾಳೆ ಮತ್ತೊಂದು ಹೆಸರಿನಲ್ಲಿ ಅದೇ ನಕಲು ಬರಬಹುದು.

ಕೋರ್ಟಿಗೆ ಹೋದವರೂ ಇದ್ದರು. 2007ರ ಅಕ್ಟೋಬರಿನಲ್ಲಿ ಸೆಕೆಂಡ್ ಲೈಫಿನ ಆರು ಮಂದಿ ರಚನೆಗಾರರು ಒಟ್ಟುಗೂಡಿ, ತಮ್ಮ ವಸ್ತುಗಳನ್ನು ನಕಲು ಮಾಡಿ ಮಾರಿದನೆಂದು ನ್ಯೂಯಾರ್ಕಿನ ಒಬ್ಬನ ಮೇಲೆ ಅಲ್ಲಿನ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದರು. ಆ ವರ್ಷದ ಡಿಸೆಂಬರಿನಲ್ಲಿ ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಅವನು ನಕಲು ನಿಲ್ಲಿಸುವುದಕ್ಕೆ ಒಪ್ಪಿದನು, 525 ಡಾಲರ್ ಕೊಡಲು ಒಪ್ಪಿದನು. ಆರು ಜನರಿಗೆ ಸೇರಿ 525 ಡಾಲರ್! ಗೆದ್ದದ್ದು ನಿಜ, ಪರದೆಯೊಳಗಿನ ಉಡುಪಿಗೂ ಕುರ್ಚಿಗೂ ಒಡೆಯರಿದ್ದಾರೆಂದು ಕೋರ್ಟಿನ ದಾಖಲೆಯಲ್ಲಿ ಬರೆಯಿಸಿದ್ದೂ ನಿಜ. ಆದರೆ ಒಬ್ಬೊಬ್ಬಳೇ ಹೋಗಿದ್ದರೆ ಆ ಬಾಗಿಲನ್ನು ತಟ್ಟುವ ಶಕ್ತಿ ಯಾರಿಗಿರುತ್ತಿತ್ತು?

2010ರಲ್ಲಿ ಕಂಪನಿಯು ಇನ್ನೊಂದು ನಿಯಮ ಮಾಡಿತು. ಆ ಲೋಕವನ್ನು ನೋಡುವುದಕ್ಕಾಗಿ ಹೊರಗಿನವರು ತಯಾರಿಸುವ ಪ್ರೋಗ್ರಾಂಗಳು, ಒಂದು ವಸ್ತುವನ್ನು ಹೊರಗೆ ತೆಗೆದಿಡುವ ಮೊದಲು, ತೆಗೆಯುವವನೇ ಅದನ್ನು ಮಾಡಿದವನೋ ಎಂದು ಪರೀಕ್ಷಿಸಬೇಕೆಂದು ವಿಧಿಸಿತು. ಕಳ್ಳನು ನಿಯಮ ಓದುವುದಿಲ್ಲ, ನಿಜ. ಆದರೆ ಎಲ್ಲರೂ ಬಳಸುವ ಉಪಕರಣದಲ್ಲೇ ಹೆಸರು ಕೇಳುವ ಪದ್ಧತಿ ಬಂದರೆ, ತಿಳಿಯದೆ ತಪ್ಪು ಮಾಡುವವರಾದರೂ ನಿಲ್ಲುತ್ತಾರೆ.

ಈಗ ನಮ್ಮ ಹುಡುಗನ ಪ್ರಶ್ನೆಗೆ ಬರೋಣ. ಯಾರಿಗೇನು ನಷ್ಟ?

ತಮ್ಮಾ, ಅಂಗಿ ಅವಳ ಹತ್ತಿರವೇ ಉಳಿದಿದೆ, ಒಪ್ಪಿದೆವು. ಆದರೆ ಅವಳು ಮಾರುತ್ತಿದ್ದುದು ಒಂದೇ ಒಂದು ಅಂಗಿಯನ್ನಲ್ಲ. ದಿನಗಟ್ಟಲೆಯ ಕೆಲಸಕ್ಕೆ ಅವಳು ಒಂದೊಂದು ಕಾಸಾಗಿ ಕೂಲಿ ಕೂಡಿಸುತ್ತಿದ್ದಳು. ನೀನು ಅದನ್ನು ಬಿಟ್ಟಿ ಹಂಚಿದ ದಿನ ಆ ಕೂಲಿ ನಿಂತಿತು. ನೀನು ವಸ್ತುವನ್ನು ಕದಿಯದೆ ಇರಬಹುದು, ಕೂಲಿಯನ್ನು ಕದ್ದೆ. ಮೇಲೆ ನಿನ್ನ ಹೆಸರು ಬರೆದುಕೊಂಡದ್ದು ಎರಡನೆಯ ಅನ್ಯಾಯ. ನಾಳೆ ಯಾರಾದರೂ ಆ ಕೆಲಸವನ್ನು ಮೆಚ್ಚಿ ಹೊಸ ಕೆಲಸ ಕೊಡಬೇಕೆಂದರೆ ನಿನ್ನನ್ನು ಕರೆಯುತ್ತಾರೆ, ಅವಳನ್ನಲ್ಲ. ಕೂಲಿ ಹಿಡಿದುಕೊಂಡವನು ಇಂದಿನ ಅನ್ನವನ್ನು ತೆಗೆಯುತ್ತಾನೆ. ಹೆಸರು ಅಳಿಸಿದವನು ನಾಳೆಯ ಅನ್ನವನ್ನೂ ತೆಗೆಯುತ್ತಾನೆ.

ಹಾಗೆಂದು ನೋಡಿ ಕಲಿಯುವುದೆಲ್ಲ ತಪ್ಪೆಂದು ನಾವು ಹೇಳುವುದಿಲ್ಲ. ನಮ್ಮ ಹೆಣ್ಣು ಮಕ್ಕಳು ಒಬ್ಬರ ರವಿಕೆ ನೋಡಿ ಇನ್ನೊಬ್ಬರು ಹೊಲಿಯಲು ಕಲಿತವರು. ಬಡವರ ಶಾಲೆ ಎಂದರೆ ಪಕ್ಕದವರ ಕೈಯೇ. ನೋಡಿ, ತಿಳಿದು, ತನ್ನ ಕೈಯಿಂದ ಹೊಸದೊಂದನ್ನು ಮಾಡುವವನು ತಾನೂ ದುಡಿದಿದ್ದಾನೆ. ದುಡಿಯದೆ, ಇನ್ನೊಬ್ಬರು ಮುಗಿಸಿದ್ದನ್ನೇ ಎತ್ತಿ ಹೆಸರು ಬದಲಾಯಿಸುವುದು ಬೇರೆ. ಈ ಎರಡರ ನಡುವಿನ ಗೆರೆಯನ್ನು ನಮ್ಮ ಮಕ್ಕಳಿಗೆ ಸಣ್ಣ ವಯಸ್ಸಿನಲ್ಲೇ ತೋರಿಸಿಕೊಡತಕ್ಕದ್ದು. ಹಾಗೆಯೇ ಬೀಗ ಅತಿಯಾದರೆ ಅದೂ ತೊಂದರೆ. ಮಾಡಿದವಳೇ ತನ್ನ ಕೆಲಸದ ಪ್ರತಿ ಇಟ್ಟುಕೊಳ್ಳಲಾಗದಂತೆ ಕಟ್ಟಿಹಾಕಿದರೆ, ಕಂಪನಿ ಬಾಗಿಲು ಮುಚ್ಚಿದ ದಿನ ಅವಳ ವರ್ಷಗಳ ದುಡಿಮೆ ಅದರ ಜೊತೆಗೇ ಹೋಗುತ್ತದೆ.

ಇದಕ್ಕೆ ಹೋಲುವ ಒಂದು ಸಂಗತಿ ನಮ್ಮ ನೀಲಗಿರಿಯಲ್ಲೇ ಇದೆ. ತೋಡ ಜನಾಂಗದ ಹೆಂಗಸರು ಬಿಳಿಯ ಬಟ್ಟೆಯ ಮೇಲೆ ಕೆಂಪು ಕಪ್ಪು ನೂಲಿನಿಂದ, ಎಳೆಗಳನ್ನು ಎಣಿಸಿ ಎಣಿಸಿ, ಕಸೂತಿ ಹಾಕುವುದನ್ನು ನೀವು ನೋಡಿದ್ದೀರಿ. ಆ ಕಸೂತಿಗೆ 2013ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿತು. ಯಂತ್ರದಲ್ಲಿ ಅಚ್ಚು ಹಾಕಿದ ಬಟ್ಟೆಯನ್ನು ತೋಡರ ಕಸೂತಿಯೆಂದು ಕರೆದು ಮಾರುವುದು ಇಂದು ಕಾನೂನಿಗೆ ವಿರೋಧ. ಆ ರಕ್ಷಣೆ ಬಂದದ್ದು ಯಾವ ಒಬ್ಬ ಹೆಂಗಸಿನ ಹೆಸರಿನಲ್ಲಿಯೂ ಅಲ್ಲ. ಒಂದು ಜನರ ಹೆಸರಿನಲ್ಲಿ ಬಂದಿತು. ಕಂಪ್ಯೂಟರಿನೊಳಗೆ ಉಡುಪು ಮಾಡುವ ಚದರಿದ ಜನರಿಗೂ ಇಂಥ ಒಗ್ಗಟ್ಟೇ ಬೇಕಾಗಿದೆ.

ಇದೆಲ್ಲ ನಮಗೇಕೆ ಎಂದು ಕೇಳುವವರಿಗೆ ಒಂದು ಮಾತು. ನಮ್ಮ ಲೈನ್ ಮನೆಗಳ ಮಕ್ಕಳೆಲ್ಲರೂ ಎಲೆ ಕೀಳುವುದಕ್ಕೆ ಉಳಿಯುವುದಿಲ್ಲ, ಉಳಿಯಬೇಕೆಂದು ನಾವೂ ಬಯಸುವುದಿಲ್ಲ. ಚಿತ್ರ ಬರೆಯುವವರು, ಹಾಡು ಕಟ್ಟುವವರು, ಕಂಪ್ಯೂಟರಿನಲ್ಲಿ ಆಕಾರ ಮಾಡುವವರು ಅವರಲ್ಲಿ ಇದ್ದಾರೆ. ಅವರು ಕೆಲವು ವಿಷಯಗಳನ್ನು ತಿಳಿದಿರಬೇಕು.

ಮೊದಲನೆಯದು, ನಮ್ಮ ದೇಶದ 1957ರ ಕಾಪಿರೈಟ್ ಕಾಯಿದೆಯ ಪ್ರಕಾರ ಕೃತಿಯನ್ನು ಮಾಡಿದಾಗಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಇದ್ದರೆ ಸಾಕ್ಷಿಗೆ ಒಳ್ಳೆಯದು, ಇಲ್ಲದಿದ್ದರೆ ಹಕ್ಕು ಇಲ್ಲವೆಂದಲ್ಲ. ಆದುದರಿಂದ ಮೊದಲ ಕರಡು, ದಿನಾಂಕ, ಕಳುಹಿಸಿದ ಸಂದೇಶ ಎಲ್ಲವನ್ನೂ ಕಾದಿಟ್ಟುಕೊಳ್ಳಿರಿ. ಸಂಬಳದ ಚೀಟಿಯನ್ನು ಕಾದಿಡುವ ಹಾಗೆಯೇ ಇದೂ ಸಹ.

ಎರಡನೆಯದು, ಒಬ್ಬರ ಕೈಕೆಳಗೆ ನೌಕರಿಯಲ್ಲಿದ್ದು ಆ ಕೆಲಸದ ಭಾಗವಾಗಿ ಮಾಡಿದ ಕೃತಿಯ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ಸಾಮಾನ್ಯವಾಗಿ ಕೆಲಸ ಕೊಟ್ಟವರಿಗೆ ಸೇರುತ್ತದೆ. ಆದುದರಿಂದ ಸಹಿ ಹಾಕುವ ಮೊದಲು ಓದಿರಿ, ಓದಲು ಬಾರದಿದ್ದರೆ ಓದಿಸಿಕೊಳ್ಳಿರಿ. ಆದರೂ ಒಂದು ಸಮಾಧಾನವಿದೆ. ಅದೇ ಕಾಯಿದೆಯ 57ನೆಯ ಕಲಮಿನಂತೆ, ಹಕ್ಕನ್ನು ಇನ್ನೊಬ್ಬರಿಗೆ ಬರೆದುಕೊಟ್ಟ ಮೇಲೂ, ಇದನ್ನು ಮಾಡಿದವನು ನಾನು ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ. ಹಣ ಕೈಬದಲಾಗಬಹುದು, ಹೆಸರು ಆಗಬಾರದು ಎಂಬುದನ್ನು ನಮ್ಮ ಕಾಯಿದೆ ಒಪ್ಪಿದೆ.

ಮೂರನೆಯದು, ಬೇಕೆಂದೇ ಕಾಪಿರೈಟನ್ನು ಮುರಿಯುವುದು ಈ ದೇಶದಲ್ಲಿ ಅಪರಾಧ. 63ನೆಯ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆಯೂ 50,000 ರೂಪಾಯಿಂದ 2 ಲಕ್ಷ ರೂಪಾಯಿವರೆಗೆ ದಂಡವೂ ಹೇಳಿದೆ. ಹೆದರಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ತಮಾಷೆಯೆಂದು ತಿಳಿದ ನಮ್ಮ ಮಕ್ಕಳು ತಿಳಿಯದೆ ಬೀಳಬಾರದೆಂದು ಬರೆಯುತ್ತೇವೆ.

ಕೊನೆಯದಾಗಿ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಇಂಥ ಲೋಕವನ್ನು ನಡೆಸುವ ಕಂಪನಿಯು ಎಸ್ಟೇಟಿನ ಮಾಲೀಕನಂತೆಯೇ. ನೆಲ ಅದರದು, ದಾರಿ ಅದರದು, ಪ್ರತಿಯೊಂದು ಮಾರಾಟದ ಲೆಕ್ಕವೂ ಅದರ ಕೈಯಲ್ಲಿದೆ. ಜನರ ದುಡಿಮೆಯಿಂದ ಆ ಲೋಕಕ್ಕೆ ಬೆಲೆ ಬಂದಿದೆ. ಹಾಗಿರುವಾಗ ಕಳ್ಳನನ್ನು ಹಿಡಿದುಕೊಂಡು ಬಾ ಎಂದು ದುಡಿದವಳಿಗೆ ಹೇಳಿ ಬಾಗಿಲು ಹಾಕಿಕೊಳ್ಳುವುದು ನ್ಯಾಯವಲ್ಲ. ಮಾಡಿದವರ ಹೆಸರು ಅಳಿಯದಂತೆ ನೋಡಿಕೊಳ್ಳುವುದು, ಸಣ್ಣವರ ದೂರನ್ನೂ ಬೇಗ ಕೇಳುವುದು, ಸುಳ್ಳು ದೂರಿನಿಂದ ನಿರಪರಾಧಿಗೆ ತೊಂದರೆಯಾಗದಂತೆ ಎರಡೂ ಕಡೆ ವಿಚಾರಿಸುವುದು, ನಕಲಿನಿಂದ ಬಂದ ಹಣವನ್ನು ತಡೆದು ದುಡಿದವರಿಗೆ ಕೊಡಿಸುವುದು, ಇವು ಕಂಪನಿಯ ಹೊಣೆ. ಒಟ್ಟಾಗಿ ನಿಂತು ಕೇಳುವುದು ರಚನೆಗಾರರ ಹೊಣೆ. ಅಗ್ಗವೆಂದು ಕೈಚಾಚುವ ಮೊದಲು ಯಾರ ಕೆಲಸವೆಂದು ವಿಚಾರಿಸುವುದು ಕೊಳ್ಳುವವರಾದ ನಮ್ಮೆಲ್ಲರ ಹೊಣೆ.

ಬೀಗ ಒಡೆಯಬಹುದು, ಕಾನೂನು ನಿಧಾನವಾಗಬಹುದು. ಆದರೆ ತೂಕದ ಪುಸ್ತಕದಲ್ಲಿ ತನ್ನ ಹೆಸರಿಗಾಗಿ ಕಾದು ನಿಂತವರಿಗೆ ಇನ್ನೊಬ್ಬರ ಹೆಸರಿನ ಬೆಲೆ ಗೊತ್ತಿರಬೇಕು. ನಮ್ಮ ಹುಡುಗನು ಆ ಅಂಗಿಯ ಚಿತ್ರವನ್ನು ತೆಗೆದುಹಾಕಿ, ಮಾಡಿದವಳಿಗೆ ಎರಡು ಸಾಲು ಬರೆಯಲಿ ಎಂದು ಕೇಳಿಕೊಳ್ಳುತ್ತೇವೆ. ಅವನ ಕೈಯಲ್ಲಿಯೂ ಒಳ್ಳೆಯ ಕೆಲಸವಿದೆ ಎಂದು ಬಲ್ಲೆವು. ಮುಂದಿನ ಸಲ ಅವನೇ ಬರೆದ ಅಂಗಿಯನ್ನು, ಅವನದೇ ಹೆಸರಿನಲ್ಲಿ, ನಾವೆಲ್ಲರೂ ನೋಡುವಂತಾಗಲಿ.